ಬರೆದ ದಸ್ತೂರು, ನಡೆದು ಬಂದ ದಸ್ತೂರು

ಉರ್ದು ಭಾಷೆಯಲ್ಲಿ ಸಂವಿಧಾನಕ್ಕೆ ಎರಡು ಪದಗಳಿವೆ. ಒಂದು ಆಯೀನ್, ಇನ್ನೊಂದು ದಸ್ತೂರ್. ಈ ಎರಡನೆಯ ಪದಕ್ಕೆ ಬೇರೊಂದು ಅರ್ಥವೂ ಇದೆಯೆಂಬುದು ಉರ್ದು ಬಲ್ಲ ಓದುಗರಿಗೆ ಗೊತ್ತೇ ಇದೆ: ವಾಡಿಕೆ, ರೂಢಿ, ನಡೆದುಕೊಂಡು ಬಂದ ಪದ್ಧತಿ. ಮದುವೆ ಮನೆಯಲ್ಲಿ ಹಿರಿಯರು "ನಮ್ಮಲ್ಲಿ ಇದೇ ದಸ್ತೂರ್" ಎಂದು ಹೇಳುವಾಗ ಅವರ ಮನಸ್ಸಿನಲ್ಲಿ ಸಂಸತ್ತೂ ಇರುವುದಿಲ್ಲ, ಸುಪ್ರೀಂ ಕೋರ್ಟೂ ಇರುವುದಿಲ್ಲ. ಬರೆದಿಟ್ಟ ಕಾನೂನಿಗೂ ಬರೆಯದೆ ನಡೆಯುವ ರೂಢಿಗೂ ಒಂದೇ ಹೆಸರು! ಕನ್ನಡದಲ್ಲಿ ನಾವು ಇವೆರಡನ್ನು ಬೇರೆ ಬೇರೆ ಪದಗಳಿಂದ ಕರೆಯುತ್ತೇವೆ. ಆದರೆ ನಮ್ಮ ದೇಶದ ಸಂವಿಧಾನ ನಡೆದು ಬಂದ ದಾರಿಯನ್ನು ನೋಡಿದರೆ ಎರಡಕ್ಕೂ ಒಂದೇ ಪದವಿಟ್ಟದ್ದು ತಪ್ಪಲ್ಲವೆನಿಸುತ್ತದೆ.

ವಿದ್ಯಾರ್ಥಿ ಮಿತ್ರರೇ, ಪರೀಕ್ಷೆಗೆಂದು ನೀವು ತಿದ್ದುಪಡಿಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತೀರಿ. 42ನೆಯದು ಯಾವಾಗ, 44ನೆಯದು ಏಕೆ, 61ನೆಯದರಿಂದ ಮತದಾನದ ವಯಸ್ಸು ಎಷ್ಟಾಯಿತು ಎಂದು ಕೇಳಿದರೆ ತಟ್ಟನೆ ಹೇಳುತ್ತೀರಿ. ಇದು ಬೇಕಾದ ಜ್ಞಾನವೇ. ಆದರೆ ಸಂವಿಧಾನ ಬದಲಾಗುವುದು ಈ ಪಟ್ಟಿಯಲ್ಲಿ ಮಾತ್ರವಲ್ಲ. ಒಂದಕ್ಷರವೂ ಬದಲಾಗದೆ ಅರ್ಥವೆಲ್ಲ ಬದಲಾದದ್ದುಂಟು. ಅಕ್ಷರ ಬದಲಾಗಿಯೂ ವರ್ಷಗಟ್ಟಲೆ ಏನೂ ಆಗದೆ ಉಳಿದದ್ದೂ ಉಂಟು. ಇವೆರಡಕ್ಕೂ ಒಳ್ಳೆಯ ಉದಾಹರಣೆಗಳು ಶಿಕ್ಷಣದ ಹಕ್ಕಿನ ಚರಿತ್ರೆಯಲ್ಲೇ ಸಿಗುತ್ತವೆ. ಅದು ನಮಗೆಲ್ಲ ಹತ್ತಿರದ ವಿಷಯವೂ ಹೌದು. ಅಲ್ಲಿಗೆ ಹೋಗುವ ಮೊದಲು ಬದಲಾವಣೆಯ ದಾರಿಗಳನ್ನು ಸ್ವಲ್ಪ ನೋಡಿಕೊಳ್ಳೋಣ.

1950ರ ಜನವರಿ 26ರಂದು ಜಾರಿಗೆ ಬಂದಾಗ ನಮ್ಮ ಸಂವಿಧಾನದಲ್ಲಿ 395 ವಿಧಿಗಳು ಮತ್ತು 8 ಅನುಸೂಚಿಗಳಿದ್ದವು. 2023ರ ವೇಳೆಗೆ 106 ತಿದ್ದುಪಡಿಗಳಾದವು. 1789ರಿಂದ ಜಾರಿಯಲ್ಲಿರುವ ಅಮೆರಿಕದ ಸಂವಿಧಾನಕ್ಕೆ ಆದ ತಿದ್ದುಪಡಿಗಳು ಕೇವಲ 27. ನಮ್ಮಲ್ಲಿ ತಿದ್ದುವುದು ಅಷ್ಟೊಂದು ಸುಲಭವೇ? 368ನೇ ವಿಧಿಯ ಪ್ರಕಾರ ಎರಡೂ ಸದನಗಳಲ್ಲಿ ಪ್ರತ್ಯೇಕವಾಗಿ ಒಟ್ಟು ಸದಸ್ಯರ ಬಹುಮತವೂ ಬೇಕು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಮತವೂ ಬೇಕು. 543 ಸದಸ್ಯರ ಲೋಕಸಭೆಯಲ್ಲಿ ಕನಿಷ್ಠ 272 ಮತ ಬೀಳಲೇಬೇಕು. ಎಲ್ಲರೂ ಬಂದು ಮತ ಹಾಕಿದರೆ 362 ಬೇಕು. ರಾಜ್ಯಗಳ ಅಧಿಕಾರಕ್ಕೆ ಸಂಬಂಧಿಸಿದ ವಿಷಯಗಳಾದರೆ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳೂ ಒಪ್ಪಬೇಕು. ಇನ್ನು ಕೆಲವು ಬದಲಾವಣೆಗಳಿಗೆ ಇದಾವುದೂ ಬೇಡ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾಯಿತಲ್ಲ, ಸಂವಿಧಾನದ ಮೊದಲ ಅನುಸೂಚಿಯಲ್ಲಿ ಆ ಹೆಸರನ್ನು ಬದಲಿಸಲು ಸಂಸತ್ತಿನ ಒಂದು ಸಾಧಾರಣ ಕಾಯಿದೆಯೇ ಸಾಕಾಯಿತು.

ಮೊದಲ ತಿದ್ದುಪಡಿಗೆ ದೇಶ ಹೆಚ್ಚು ಕಾಯಲಿಲ್ಲ. ಅದರ ಒಂದು ಭಾಗ ಕಾಲೇಜು ಪ್ರವೇಶದ ಜಗಳದಿಂದಲೇ ಹುಟ್ಟಿತು. ಆಗ ಮದರಾಸು ಪ್ರಾಂತ್ಯದಲ್ಲಿ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರತಿ 14 ಸೀಟುಗಳನ್ನು ಸಮುದಾಯವಾರು ಹಂಚುವ ಸರ್ಕಾರಿ ಆದೇಶವಿತ್ತು. ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ ಇಂಡಿಯನ್ನರು ಮತ್ತು ಕ್ರೈಸ್ತರಿಗೆ 1, ಮುಸ್ಲಿಮರಿಗೆ 1. ಇದು ಸಮಾನತೆಗೆ ವಿರುದ್ಧವೆಂದು 1951ರ ಏಪ್ರಿಲಿನಲ್ಲಿ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆದೇಶವನ್ನು ರದ್ದುಪಡಿಸಿತು. ಎರಡೂವರೆ ತಿಂಗಳು ಕಳೆಯುವಷ್ಟರಲ್ಲಿ, ಜೂನ್ 18ರಂದು, ಮೊದಲ ತಿದ್ದುಪಡಿ ಜಾರಿಗೆ ಬಂದು 15ನೇ ವಿಧಿಗೆ ನಾಲ್ಕನೆಯ ಉಪವಿಧಿ ಸೇರಿತು. ಹಿಂದುಳಿದ ವರ್ಗಗಳಿಗೆ ಶಿಕ್ಷಣದಲ್ಲಿ ಮೀಸಲಾತಿ ನಿಂತಿರುವ ಬುನಾದಿ ಅದೇ. ಮೊದಲ ಸಾರ್ವತ್ರಿಕ ಚುನಾವಣೆ ಇನ್ನೂ ನಡೆದೇ ಇರಲಿಲ್ಲ ಎಂಬುದನ್ನು ಗಮನಿಸಿ.

ಹಾಗಾದರೆ ಮೂರನೇ ಎರಡರಷ್ಟು ಬಹುಮತವಿದ್ದರೆ ಸಂವಿಧಾನದಲ್ಲಿ ಏನನ್ನು ಬೇಕಾದರೂ ಬದಲಿಸಬಹುದೇ? ಈ ಪ್ರಶ್ನೆಗೆ ಉತ್ತರ ಬರಲು ಕನ್ನಡ ಮಾತನಾಡುವ ನಾಡಿನ ಒಬ್ಬ ಸ್ವಾಮಿಗಳು ಕಾರಣರಾದರು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರು ಕೇರಳದ ಭೂಸುಧಾರಣೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ 13 ನ್ಯಾಯಮೂರ್ತಿಗಳು ಕುಳಿತು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ ತೀರ್ಪು ಬಂತು: ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವಂತಿಲ್ಲ. "ಮೂಲ ರಚನೆ" ಎಂಬ ಮಾತು ಸಂವಿಧಾನದ ಯಾವ ವಿಧಿಯಲ್ಲೂ ಇಲ್ಲ, ಹುಡುಕಿದರೆ ಸಿಗುವುದಿಲ್ಲ. ಆದರೂ ಅಂದಿನಿಂದ ಪ್ರತಿಯೊಂದು ತಿದ್ದುಪಡಿಯೂ ಆ ಒರೆಗಲ್ಲಿಗೆ ಉಜ್ಜಿಸಿಕೊಳ್ಳಬೇಕಾಗಿದೆ. ಸ್ವಾಮಿಗಳಿಗೆ ಮಠದ ಜಮೀನು ದಕ್ಕಲಿಲ್ಲ. ದೇಶಕ್ಕೆ ದಕ್ಕಿದ್ದು ದೊಡ್ಡದು.

ರೂಢಿಯ ಕೆಲಸ

ಇನ್ನು ರೂಢಿಯ ಮಾತು. 74ನೇ ವಿಧಿಯಲ್ಲಿ ಮೊದಲು ಇದ್ದದ್ದು ಇಷ್ಟೇ: ರಾಷ್ಟ್ರಪತಿಗೆ ನೆರವು ಮತ್ತು ಸಲಹೆ ನೀಡಲು ಪ್ರಧಾನಮಂತ್ರಿಯ ನೇತೃತ್ವದಲ್ಲಿ ಒಂದು ಮಂತ್ರಿಮಂಡಲ ಇರತಕ್ಕದ್ದು. ಆ ಸಲಹೆಯನ್ನು ರಾಷ್ಟ್ರಪತಿ ಪಾಲಿಸಲೇಬೇಕೆ? ವಿಧಿ ಏನೂ ಹೇಳಿರಲಿಲ್ಲ. ಬಾಬು ರಾಜೇಂದ್ರ ಪ್ರಸಾದರಿಗೇ ಈ ಸಂದೇಹವಿತ್ತು. 1960ರ ನವೆಂಬರಿನಲ್ಲಿ ದೆಹಲಿಯ ಇಂಡಿಯನ್ ಲಾ ಇನ್ಸ್ಟಿಟ್ಯೂಟಿನಲ್ಲಿ ಮಾತನಾಡುತ್ತಾ ಅವರು ಬಹಿರಂಗವಾಗಿಯೇ ಈ ಪ್ರಶ್ನೆಯನ್ನೆತ್ತಿದರು. ನೆಹರೂ ಅವರ ಕಾಲದಲ್ಲಿ ಸಲಹೆಯಂತೆ ನಡೆಯುವುದೇ ರೂಢಿಯಾಗಿ ನೆಲೆನಿಂತಿತು. 1974ರಲ್ಲಿ ಶಂಷೇರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ರೂಢಿಗೆ ಮುದ್ರೆಯೊತ್ತಿತು. 1976ರ 42ನೇ ತಿದ್ದುಪಡಿ ಅದನ್ನೇ ಅಕ್ಷರದಲ್ಲಿ ಬರೆಯಿತು. ತುರ್ತು ಪರಿಸ್ಥಿತಿ ಮುಗಿದ ಮೇಲೆ 1978ರ 44ನೇ ತಿದ್ದುಪಡಿ ಒಂದು ಸಣ್ಣ ಕಿಟಕಿಯನ್ನು ತೆರೆಯಿತು: ಸಲಹೆಯನ್ನು ಮರುಪರಿಶೀಲಿಸಿ ಎಂದು ರಾಷ್ಟ್ರಪತಿ ಒಮ್ಮೆ ಹಿಂದಿರುಗಿಸಬಹುದು. ಈ ಕಿಟಕಿ ಮುಂದೆ ಹೇಗೆ ಉಪಯೋಗಕ್ಕೆ ಬಂತೆಂದು ಈಗಲೇ ನೋಡುತ್ತೀರಿ.

ರಾಜ್ಯ ಸರ್ಕಾರಗಳನ್ನು ವಜಾ ಮಾಡುವ 356ನೇ ವಿಧಿಯ ಬಗ್ಗೆ ಸಂವಿಧಾನ ಸಭೆಯಲ್ಲಿ ಆಕ್ಷೇಪ ಬಂದಾಗ ಡಾ. ಅಂಬೇಡ್ಕರರು, ಇಂಥ ವಿಧಿಗಳು ಬಳಕೆಗೇ ಬಾರದೆ ಪುಸ್ತಕದಲ್ಲಿಯೇ ಉಳಿಯಲಿ ಎಂದು ಆಶಿಸಿದ್ದರು. ಆದದ್ದು ಬೇರೆ. 1994ರ ವೇಳೆಗೆ ಅದು 90ಕ್ಕೂ ಹೆಚ್ಚು ಬಾರಿ ಬಳಕೆಯಾಗಿತ್ತು. ಅವುಗಳಲ್ಲಿ ಒಂದು ನಮ್ಮದೇ ರಾಜ್ಯದ್ದು. 1989ರ ಏಪ್ರಿಲಿನಲ್ಲಿ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿರುವರೆಂದು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರು ದೆಹಲಿಗೆ ವರದಿ ಕಳುಹಿಸಿದರು. ಮರುದಿನವೇ ಅವರಲ್ಲಿ ಏಳು ಮಂದಿ, ನಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿದೆ ಎಂದರು. ವಿಧಾನಸಭೆಯನ್ನು ಕರೆಯಿರಿ, ಅಲ್ಲಿಯೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿಯವರು ಕೇಳಿಕೊಂಡರು. ಕೇಳಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು. ಹೈಕೋರ್ಟಿನಲ್ಲಿಯೂ ಅವರ ಅರ್ಜಿ ಬಿದ್ದುಹೋಯಿತು.

ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಾಗ ಐದು ವರ್ಷ ಕಳೆದು, ನಡುವೆ ಒಂದು ಚುನಾವಣೆಯೂ ಮುಗಿದಿತ್ತು. ಬೊಮ್ಮಾಯಿಯವರಿಗೆ ಕುರ್ಚಿ ಮರಳಿ ಸಿಗಲಿಲ್ಲ. ಆದರೆ ತೀರ್ಪು ಹೇಳಿದ್ದೇನು? ಸರ್ಕಾರಕ್ಕೆ ಬಹುಮತವಿದೆಯೋ ಇಲ್ಲವೋ ಎಂಬುದು ರಾಜಭವನದಲ್ಲಿ ತೀರ್ಮಾನವಾಗುವ ವಿಷಯವಲ್ಲ, ಅದು ಸದನದಲ್ಲಿಯೇ ತೀರ್ಮಾನವಾಗಬೇಕು. ವಜಾ ಆದೇಶವನ್ನು ಕೋರ್ಟು ಪರಿಶೀಲಿಸಬಹುದು. ಸಂಸತ್ತು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಆ ದಿನ 356ನೇ ವಿಧಿಯಲ್ಲಿ ಒಂದು ಅಲ್ಪವಿರಾಮವೂ ಬದಲಾಗಲಿಲ್ಲ. ಆದರೆ 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಸರ್ಕಾರವನ್ನು ವಜಾ ಮಾಡಲು ಕೇಂದ್ರ ಸಂಪುಟ ಶಿಫಾರಸು ಮಾಡಿದಾಗ, ಅಲ್ಲಿನ ಮುಖ್ಯಮಂತ್ರಿ ಸದನದಲ್ಲಿ ವಿಶ್ವಾಸಮತ ಗೆದ್ದಿದ್ದರಿಂದ, ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಅವರು 44ನೇ ತಿದ್ದುಪಡಿ ಕೊಟ್ಟ ಅಧಿಕಾರದಂತೆ ಕಡತವನ್ನು ಹಿಂದಿರುಗಿಸಿದರು. ಸಂಪುಟ ಶಿಫಾರಸನ್ನು ಕೈಬಿಟ್ಟಿತು. ಬರೆದದ್ದೂ ರೂಢಿಯಾದದ್ದೂ ಕೈಜೋಡಿಸಿದರೆ ಹೀಗಾಗುತ್ತದೆ. 2018ರ ಮೇ ತಿಂಗಳಲ್ಲಿ ನಮ್ಮ ವಿಧಾನಸಭೆಯಲ್ಲಿ ಬಹುಮತ ಸಾಬೀತಿಗೆ ರಾಜ್ಯಪಾಲರು ಕೊಟ್ಟಿದ್ದ 15 ದಿನಗಳ ಗಡುವನ್ನು ಸುಪ್ರೀಂ ಕೋರ್ಟು ಮೊಟಕುಗೊಳಿಸಿ ಮರುದಿನವೇ ಸದನ ಸೇರಬೇಕೆಂದು ಹೇಳಿತಲ್ಲ, ಅದರ ಬೇರು ಕೂಡ 1989ರ ಬೆಂಗಳೂರಿನಲ್ಲಿದೆ.

ಶಾಲೆಯ ಬಾಗಿಲು

ಈಗ ಶಿಕ್ಷಣದ ಹಕ್ಕಿಗೆ ಬರೋಣ.

1947ರಲ್ಲಿ ಮೂಲಭೂತ ಹಕ್ಕುಗಳ ಉಪಸಮಿತಿ ಸಿದ್ಧಪಡಿಸಿದ ಕರಡಿನಲ್ಲಿ ಉಚಿತ ಪ್ರಾಥಮಿಕ ಶಿಕ್ಷಣ ಪ್ರತಿಯೊಬ್ಬ ನಾಗರಿಕನ ಹಕ್ಕಾಗಿತ್ತು. ಮೇಲಿನ ಸಲಹಾ ಸಮಿತಿಗೆ ಹೋದಾಗ ಅದು ಕೋರ್ಟಿನಲ್ಲಿ ಕೇಳಲಾಗದ ತತ್ವಗಳ ಸಾಲಿಗೆ ಸರಿಯಿತು. ಅಲ್ಲಿಯೂ "ಪ್ರತಿಯೊಬ್ಬ ನಾಗರಿಕನೂ ಹಕ್ಕುಳ್ಳವನು" ಎಂಬರ್ಥದ ಮಾತು ಕರಡಿನಲ್ಲಿ ಉಳಿದಿತ್ತು. 1948ರ ನವೆಂಬರ್ 23ರಂದು ಸಂವಿಧಾನ ಸಭೆ ಅದನ್ನು ಚರ್ಚೆಗೆ ತೆಗೆದುಕೊಂಡಾಗ, ಪಂಡಿತ ಲಕ್ಷ್ಮೀಕಾಂತ ಮೈತ್ರ ಎಂಬ ಸದಸ್ಯರು ಆ ಮಾತನ್ನು ತೆಗೆದುಹಾಕಲು ಸೂಚಿಸಿದರು. ಉಳಿದ ನಿರ್ದೇಶಕ ತತ್ವಗಳ ಧಾಟಿಗೆ ಇದು ಹೊಂದುವುದಿಲ್ಲ ಎಂಬುದು ಅವರ ಕಾರಣ. ಸೂಚನೆ ಅಂಗೀಕಾರವಾಯಿತು. ಹಕ್ಕು ಎಂಬ ಪದ ಹೋಗಿ "ಸರ್ಕಾರ ಪ್ರಯತ್ನಿಸತಕ್ಕದ್ದು" ಎಂಬುದಷ್ಟೇ ಉಳಿಯಿತು.

ಅದೇ ದಿನ ಪಶ್ಚಿಮ ಬಂಗಾಳದ ಸದಸ್ಯ ನಜೀರುದ್ದೀನ್ ಅಹಮದ್ ಅವರು ಇನ್ನೊಂದು ತಿದ್ದುಪಡಿ ತಂದರು: "ಶಿಕ್ಷಣ" ಎಂದಿರುವಲ್ಲಿ "ಪ್ರಾಥಮಿಕ ಶಿಕ್ಷಣ" ಎಂದು ಬರೆಯಬೇಕು. ಅಂಬೇಡ್ಕರರು ಇದಕ್ಕೆ ಒಪ್ಪಲಿಲ್ಲ. ಅವರು ಕೊಟ್ಟ ಉತ್ತರ ಇಂದಿಗೂ ಶಿಕ್ಷಕರು ತಿಳಿದಿರಬೇಕಾದದ್ದು. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಕಾರ್ಖಾನೆ, ಗಣಿಗಳಲ್ಲಿ ದುಡಿಸಬಾರದೆಂದು ಇನ್ನೊಂದು ವಿಧಿಯಲ್ಲಿ ಹೇಳಿದ್ದೇವೆ. ದುಡಿಸಬಾರದೆಂದ ಮೇಲೆ ಆ ವಯಸ್ಸಿನವರೆಗೂ ಮಗು ಯಾವುದಾದರೊಂದು ಶಾಲೆಯಲ್ಲಿ ಇರಲೇಬೇಕಲ್ಲವೆ ಎಂಬುದು ಅವರ ವಾದದ ಸಾರ. ಪ್ರಾಥಮಿಕ ಎಂದು ಬರೆದಿದ್ದರೆ ಹತ್ತು ಹನ್ನೊಂದು ವರ್ಷಕ್ಕೆ ಮಗುವಿನ ಕೈಬಿಡಬಹುದಿತ್ತು. ಒಂದೇ ಒಂದು ಪದ ಸೇರದೆ ಹೋದದ್ದರಿಂದ ನಾಲ್ಕು ವರ್ಷಗಳ ಓದು ಉಳಿಯಿತು. ಗ್ಯಾರೇಜುಗಳಲ್ಲಿ, ಬೀಡಿ ಸುತ್ತುವ ಮನೆಗಳಲ್ಲಿ ನಮ್ಮ ಎಷ್ಟು ಮಕ್ಕಳು ಆ ನಾಲ್ಕು ವರ್ಷಗಳಲ್ಲಿಯೇ ಶಾಲೆ ಬಿಟ್ಟಿದ್ದಾರೆಂಬುದನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಹೀಗೆ 45ನೇ ವಿಧಿ ರೂಪುಗೊಂಡಿತು: ಸಂವಿಧಾನ ಜಾರಿಯಾದ ಹತ್ತು ವರ್ಷಗಳೊಳಗೆ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ನೀಡಲು ಸರ್ಕಾರ ಪ್ರಯತ್ನಿಸತಕ್ಕದ್ದು. ನಿರ್ದೇಶಕ ತತ್ವಗಳಲ್ಲಿ ಗಡುವು ಹಾಕಿಕೊಂಡ ವಿಧಿ ಇದೊಂದೇ. 1951ರ ಜನಗಣತಿಯಲ್ಲಿ ಸಾಕ್ಷರತೆ ಶೇ. 18.33 ಇತ್ತು. ಗಡುವು 1960ಕ್ಕೆ ಮುಗಿಯಿತು. 1961ರಲ್ಲಿ ಸಾಕ್ಷರತೆ ಶೇ. 28.3. ಗಡುವು ಮೀರಿದ್ದಕ್ಕೆ ಯಾರೂ ಕೋರ್ಟಿಗೆ ಹೋಗುವಂತಿರಲಿಲ್ಲ, ಏಕೆಂದರೆ ಅದು ಹಕ್ಕಾಗಿರಲಿಲ್ಲ. 1948ರಲ್ಲಿ ಕಿತ್ತುಹಾಕಿದ ಆ ಒಂದು ಮಾತಿನ ಪರಿಣಾಮ ಇದು.

ಮುಂದಿನ ತಿರುವು ಕರ್ನಾಟಕದಿಂದ ಬಂತು. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನು ನಮ್ಮ ರಾಜ್ಯ 1984ರಲ್ಲಿಯೇ ಮಾಡಿತ್ತು. ಅದರಡಿಯಲ್ಲಿಯೇ 1989ರ ಜೂನಿನಲ್ಲಿ ಹೊರಟ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಹೀಗೆ ಗೊತ್ತುಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000. ಆ ಹಣ ಕಟ್ಟಲಾಗದ ಹೊರರಾಜ್ಯದ ವಿದ್ಯಾರ್ಥಿನಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಮೋಹಿನಿ ಜೈನ್ ಪ್ರಕರಣ. 1992ರ ಜುಲೈ 30ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ಯಾರೂ ನಿರೀಕ್ಷಿಸದ ಮಾತನ್ನು ಹೇಳಿತು: 21ನೇ ವಿಧಿ ಜೀವಿಸುವ ಹಕ್ಕನ್ನು ಕೊಡುತ್ತದೆ, ಗೌರವದಿಂದ ಬಾಳುವುದೇ ಜೀವಿಸುವುದು, ವಿದ್ಯೆಯಿಲ್ಲದೆ ಗೌರವದ ಬಾಳಿಲ್ಲ, ಆದ್ದರಿಂದ ಶಿಕ್ಷಣವೂ ಹಕ್ಕು. ಅದೂ ಎಲ್ಲ ಹಂತದ ಶಿಕ್ಷಣ!

ಎಲ್ಲ ಹಂತ ಎಂದದ್ದು ಹೆಚ್ಚಾಯಿತೆಂದು ಖಾಸಗಿ ಕಾಲೇಜುಗಳು ಮತ್ತೆ ಕೋರ್ಟಿನ ಮೆಟ್ಟಿಲೇರಿದವು. 1993ರ ಫೆಬ್ರವರಿಯಲ್ಲಿ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ ಹೇಳಿತು: ಹದಿನಾಲ್ಕು ವರ್ಷದವರೆಗೆ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕು, ಆಮೇಲಿನದು ಸರ್ಕಾರದ ಆರ್ಥಿಕ ಶಕ್ತಿಗೆ ಬಿಟ್ಟದ್ದು. ಹತ್ತು ವರ್ಷದ ಗಡುವು ಹಾಕಿ ನಾಲ್ಕು ದಶಕ ದಾಟಿದರೂ ಅದು ಬರೀ ಸದಾಶಯವಾಗಿಯೇ ಉಳಿಯಬೇಕೇ ಎಂದು ಪೀಠ ಕೇಳಿತು. ಹೀಗೆ 1948ರಲ್ಲಿ ಸಂವಿಧಾನ ಸಭೆ ಬಾಗಿಲಾಚೆ ಕಳುಹಿಸಿದ ಹಕ್ಕು, 368ನೇ ವಿಧಿಯ ಗೊಡವೆಯಿಲ್ಲದೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂತು.

ಅನಂತರ ಸಂಸತ್ತು ಅದನ್ನು ಮುಂಬಾಗಿಲಿನಿಂದ ಬರಮಾಡಿಕೊಂಡಿತು. 86ನೇ ತಿದ್ದುಪಡಿಗೆ 2002ರ ಡಿಸೆಂಬರ್ 12ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. 21ಎ ವಿಧಿ ಹುಟ್ಟಿತು. ಮಕ್ಕಳನ್ನು ಓದಿಸುವುದು ತಂದೆತಾಯಿಯರ ಮೂಲಭೂತ ಕರ್ತವ್ಯವೆಂದೂ ಸೇರಿತು. ಪಠ್ಯಪುಸ್ತಕಗಳು ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ಮುಗಿಸುತ್ತವೆ. ನನಗೆ ಇಲ್ಲಿ ಎರಡು ತಕರಾರುಗಳಿವೆ.

ಮೊದಲನೆಯದು ವಯಸ್ಸಿನದು. 45ನೇ ವಿಧಿಯ ಮೂಲ ರೂಪದಲ್ಲಿಯೂ ಉನ್ನಿಕೃಷ್ಣನ್ ತೀರ್ಪಿನಲ್ಲಿಯೂ ಇದ್ದದ್ದು ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳು. 21ಎ ವಿಧಿಯಲ್ಲಿ ಇರುವುದು ಆರರಿಂದ ಹದಿನಾಲ್ಕು. ಆರು ವರ್ಷದೊಳಗಿನ ಕಂದಮ್ಮಗಳು ಮತ್ತೆ "ಪ್ರಯತ್ನಿಸತಕ್ಕದ್ದು" ಎಂಬ ಸಾಲಿಗೆ ಹೋದರು. ಕೋರ್ಟು ಕೊಟ್ಟದ್ದಕ್ಕಿಂತ ತಿದ್ದುಪಡಿ ಕಡಿಮೆ ಕೊಟ್ಟಿತು. ಎರಡನೆಯದು ಕಾಲದ್ದು. ಸರ್ಕಾರ ಅಧಿಸೂಚನೆ ಹೊರಡಿಸಿದ ದಿನದಿಂದ ಈ ತಿದ್ದುಪಡಿ ಜಾರಿಗೆ ಬರುತ್ತದೆ ಎಂದು ಅದರಲ್ಲಿಯೇ ಬರೆದಿತ್ತು. ಆ ದಿನ ಬಂದದ್ದು ಯಾವಾಗ? 2009ರಲ್ಲಿ ಶಿಕ್ಷಣ ಹಕ್ಕು ಕಾಯಿದೆಯಾಗಿ, 2010ರ ಏಪ್ರಿಲ್ 1ರಂದು. ಏಳು ವರ್ಷಕ್ಕೂ ಮಿಕ್ಕಿ ಸಂವಿಧಾನದ ಒಂದು ಮೂಲಭೂತ ಹಕ್ಕು ಅಂಕಿತ ಬಿದ್ದೂ ಕಪಾಟಿನಲ್ಲಿ ಮಲಗಿತ್ತು! ತಿದ್ದುಪಡಿಯಾದಾಗ ಏಳು ವರ್ಷದವಳಾಗಿದ್ದ ಹುಡುಗಿ ಅದು ಜಾರಿಗೆ ಬರುವಷ್ಟರಲ್ಲಿ ಹದಿನಾಲ್ಕು ದಾಟಿದ್ದಳು. ನನ್ನ ವಯಸ್ಸಿನವರೆಲ್ಲ ಶಾಲೆ ಮುಗಿಸಿದ್ದು ಆ ವಿಧಿ ಇದ್ದೂ ಇಲ್ಲದ ಆ ಕಾಲದಲ್ಲಿಯೇ.

ಜಾರಿಗೆ ಬಂದ ಮೇಲೂ ಬದಲಾವಣೆ ನಿಲ್ಲಲಿಲ್ಲ. ಕಾಯಿದೆಯ ಪ್ರಕಾರ ಖಾಸಗಿ ಶಾಲೆಗಳು ಒಂದನೇ ತರಗತಿಯ ಶೇ. 25 ಸೀಟುಗಳನ್ನು ಬಡ ಹಾಗೂ ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು. ಕರ್ನಾಟಕ ಸರ್ಕಾರ ತನ್ನ ನಿಯಮಗಳನ್ನು ತಿದ್ದಿ, ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಈ ಹೊಣೆ ಇಲ್ಲವೆಂದಿತು. 2019-20ರಿಂದ ನಮ್ಮ ರಾಜ್ಯದಲ್ಲಿ ಆ ಸೀಟುಗಳು ತೀರಾ ಇಳಿದುಹೋದವು. ಇಲ್ಲಿ ಸಂವಿಧಾನ ಬದಲಾಗಲಿಲ್ಲ, ಸಂಸತ್ತಿನ ಕಾಯಿದೆಯೂ ಬದಲಾಗಲಿಲ್ಲ. ಬದಲಾದದ್ದು ರಾಜ್ಯದ ಒಂದು ನಿಯಮ. ಅರ್ಜಿ ಹಿಡಿದು ಬಂದ ತಾಯಿಗೆ ಕಂಡ ವ್ಯತ್ಯಾಸ ಮಾತ್ರ ದೊಡ್ಡದೇ.

ನಮ್ಮಂಥ ಸಂಸ್ಥೆಗಳ ಸದಸ್ಯರು ಗಮನಿಸಬೇಕಾದದ್ದು ಇನ್ನೊಂದಿದೆ. ಅಲ್ಪಸಂಖ್ಯಾತರು ತಮ್ಮ ಇಷ್ಟದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು 30ನೇ ವಿಧಿ ಕೊಟ್ಟಿದೆ. 21ಎ ಮತ್ತು 30 ಎದುರುಬದುರಾದರೆ ಯಾವುದು ಮೇಲು? 2012ರಲ್ಲಿ ಸುಪ್ರೀಂ ಕೋರ್ಟು, ಅನುದಾನವಿಲ್ಲದ ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದು ಎಂದಿತು. 2014ರ ಮೇ 6ರಂದು ಪ್ರಮತಿ ಪ್ರಕರಣದಲ್ಲಿ ಐವರ ಪೀಠ ಅನುದಾನಿತ ಅಲ್ಪಸಂಖ್ಯಾತ ಶಾಲೆಗಳಿಗೂ ಆ ವಿನಾಯಿತಿಯನ್ನು ವಿಸ್ತರಿಸಿತು. ನಮ್ಮವರು ಇದನ್ನು ಸ್ವಾಗತಿಸಿದ್ದು ಸಹಜ. ಆದರೆ ಒಂದು ಮಾತನ್ನು ಹೇಳದೆ ಇರಲಾರೆ: ಈ ವಿನಾಯಿತಿ ದೊರೆತದ್ದು ಆಡಳಿತ ಮಂಡಳಿಗೆ. ಅದೇ ಶಾಲೆಯ ಗೇಟಿನಾಚೆ ನಿಂತಿರುವ ಬಡ ಮಗುವಿಗೆ, ಅದು ನಮ್ಮದೇ ಮೊಹಲ್ಲಾದ ಮಗುವಾದರೂ, ಅದರಿಂದ ಒಂದು ಸೀಟು ಹೆಚ್ಚಾಗಲಿಲ್ಲ. 30ನೇ ವಿಧಿ ನಮಗೆ ಎಷ್ಟು ಅಮೂಲ್ಯವೋ ಆ ಮಗುವಿನ ಹಕ್ಕೂ ಅಷ್ಟೇ ಅಮೂಲ್ಯವೆಂದು ಶಾಲೆ ನಡೆಸುವವರು ತಾವಾಗಿ ನಡೆದುಕೊಳ್ಳಲು ಯಾವ ತೀರ್ಪೂ ಅಡ್ಡ ಬರುವುದಿಲ್ಲ.

2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಶಿಕ್ಷಕರ ಅರ್ಹತಾ ಪರೀಕ್ಷೆಯ ಕುರಿತು ತೀರ್ಪು ಕೊಟ್ಟಿತು. ಸೇವೆಯಲ್ಲಿದ್ದು ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು ಎಂದದ್ದು ಸ್ಟಾಫ್ ರೂಮುಗಳಲ್ಲಿ ಬಹಳ ಚರ್ಚೆಯಾಯಿತು. ಅದೇ ತೀರ್ಪಿನ ಇನ್ನೊಂದು ಭಾಗದ ಬಗ್ಗೆ ಅಷ್ಟು ಮಾತು ನಡೆಯಲಿಲ್ಲ. ಈ ಷರತ್ತು ಅಲ್ಪಸಂಖ್ಯಾತ ಶಾಲೆಗಳಿಗೂ ಅನ್ವಯಿಸುವುದೇ ಎಂಬ ಪ್ರಶ್ನೆ ಬಂದಾಗ, ಪ್ರಮತಿ ತೀರ್ಪು ಸರಿಯೇ ಎಂಬುದರ ಬಗ್ಗೆಯೇ ಪೀಠ ಸಂದೇಹ ವ್ಯಕ್ತಪಡಿಸಿತು. ಅಲ್ಪಸಂಖ್ಯಾತ ಶಾಲೆಗಳನ್ನು ಕಾಯಿದೆಯಿಂದ ಪೂರ್ತಿಯಾಗಿ ಹೊರಗಿಟ್ಟದ್ದು ಮಕ್ಕಳ ಹಕ್ಕಿಗೆ ಧಕ್ಕೆಯಲ್ಲವೇ ಎಂದು ಕೇಳಿ, ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸುವ ಸಲುವಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಹೇಳಿತು. ಇಬ್ಬರು ತಾವೇ ಏಕೆ ತೀರ್ಮಾನಿಸಲಿಲ್ಲ? ಐವರು ಕೊಟ್ಟ ತೀರ್ಪನ್ನು ಇಬ್ಬರು ಬದಲಿಸಬಾರದು ಎಂಬ ನಿಯಮವಿದೆ. ಈ ನಿಯಮವೂ ಸಂವಿಧಾನದ ಯಾವ ವಿಧಿಯಲ್ಲಿಯೂ ಬರೆದಿಲ್ಲ; ಕೋರ್ಟು ತಾನಾಗಿ ಪಾಲಿಸಿಕೊಂಡು ಬಂದದ್ದು. 30ನೇ ವಿಧಿಯಲ್ಲಿಯಂತೂ 44ನೇ ತಿದ್ದುಪಡಿಯಿಂದ ಆಸ್ತಿಯ ಪರಿಹಾರದ ಬಗ್ಗೆ ಒಂದು ಉಪವಿಧಿ ಸೇರಿದ್ದು ಬಿಟ್ಟರೆ ಉಳಿದ ಅಕ್ಷರಗಳು 1950ರಲ್ಲಿ ಹೇಗಿದ್ದವೋ ಹಾಗೆಯೇ ಇವೆ.